ರೋಡ್‌ಕಿಂಗ್‌ಗೆ ಕೆಫೆ ರೇಸರ್ ವೇಷ ಹಾಕುವ ಮುನ್ನ

ಅಪ್ಪನ ಹಳೇ ಬೈಕು ಯೆಜ್ಡಿ ರೋಡ್‌ಕಿಂಗನ್ನು ಕೆಫೆ ರೇಸರ್ (ತಗ್ಗಿನ ಹ್ಯಾಂಡಲ್, ಹಿಂದೆ ಸರಿಸಿದ ಫುಟ್‌ರೆಸ್ಟ್ ಇರುವ ಹಳೇ ರೇಸ್ ಬೈಕಿನ ರೂಪ) ಮಾಡಿಸಬಹುದಾ, ಹಳೇ ಸ್ಟೈಲಿನ ಅರ್ಧ ಹೆಲ್ಮೆಟ್ ಸಾಕಾ ಅಂತ ಕೇಳಿದ್ದೀರಿ. ಮಾಡಿಸಿ, ಆದರೆ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಗ್ರೈಂಡರ್ ತಾಗಿಸಬೇಡಿ. ಈ ಗಾಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಕತ್ತರಿಸಿದ ಮೇಲೆ ಅಂಥದ್ದು ಇನ್ನೊಂದು ಎಲ್ಲಿಂದ ತರ್ತೀರಿ? ಜೊತೆಗೆ, ಕಂಪನಿ ಕೊಟ್ಟ ಮೂಲ ವಿನ್ಯಾಸ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಜಾಸ್ತಿ ಜನ ಮರೆಯೋದು ಇದು: ಈ ಗಾಡಿಯಲ್ಲಿ ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್. ಕೆಫೆ ರೇಸರ್ ತರ ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರೆ ಗೇರ್ ಕಾಲಿಗೆ ಸಿಗುವುದಿಲ್ಲ. ಗೇರನ್ನು ಹಿಂದಿನಿಂದಲೇ ಹಾಕಲು ಲಿಂಕ್ ರಾಡ್ (ಜೋಡಿಸುವ ಸರಳು) ಕೂರಿಸಿದರೆ ಕಿಕ್ ಹೊಡೆಯೋದು ಪರದಾಟ. ಹಾಗಾಗಿ ಬೋಲ್ಟ್ ಬಿಚ್ಚಿದರೆ ಹಳೇ ರೂಪ ಬರುವಷ್ಟು ಮಾತ್ರ ಮಾಡಿಸಿ. ತಗ್ಗಿನ ಹ್ಯಾಂಡಲ್, ಬೇರೆ ಸೀಟು ಸಾಕು. ಹಳೇ ಸೀಟನ್ನು ಗುಜರಿಗೆ ಹಾಕಬೇಡಿ, ಅಟ್ಟದ ಮೇಲಿಡಿ. ಜೋಡಿ ಸೈಲೆನ್ಸರಂತೂ ಮುಟ್ಟಲೇಬೇಡಿ. ಟೂ ಸ್ಟ್ರೋಕ್ ಎಂಜಿನ್ನಿನ ಎಳೆತ ಅದನ್ನೇ ನೆಚ್ಚಿಕೊಂಡಿದೆ.

ಹೆಲ್ಮೆಟ್ ರೆಟ್ರೊ ಆಗಿರಲಿ, ಆದರೆ ಐಎಸ್‌ಐ ಗುರುತಿರಲಿ. ಕಿವಿ ಮುಚ್ಚದ ಟೊಪ್ಪಿ ಬೇಡ. ನಾನಾದರೆ ಹಳೇ ನೋಟದ ಫುಲ್ ಫೇಸ್ ತಗೊಳ್ತೀನಿ. ಗದ್ದವೂ ನಮ್ಮದೇ ಅಲ್ವಾ!