ಫ್ರಾಂಕ್‌ಫರ್ಟ್‌ನಲ್ಲಿ 8 ಗಂಟೆ ಲೇಓವರ್: ಊರೊಳಗೆ ಹೋಗಿ ನಡೆದಾಡಿ ಬರಬಹುದೇ?

ಬೆಂಗಳೂರಿಂದ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ, ಬೆಳಿಗ್ಗೆ ಇಳಿದು ಸಂಜೆಗೆ ಹೊರಡುವುದು ಎಂದಿದ್ದೀರಿ. ಹೋಗಿಬರಬಹುದು, ಆದರೆ ಮೊದಲು ವೀಸಾ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಆದರೆ ಷೆಂಗೆನ್ ವೀಸಾ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಇಲ್ಲವೇ ಆ ದೇಶಗಳ ರೆಸಿಡೆನ್ಸ್ ಪರ್ಮಿಟ್ ಬೇಕೇ ಬೇಕು. ಅಮೆರಿಕದ ವೀಸಾ ತೋರಿಸಿದರೆ ಹೊರಗೆ ಬಿಡುವುದಿಲ್ಲ, ಏರ್‌ಪೋರ್ಟ್ ಒಳಗೇ ವಿಮಾನ ಬದಲಿಸಲು ಕೊಡುವ ಟ್ರಾನ್ಸಿಟ್ ವೀಸಾಕ್ಕೂ ಬಿಡುವುದಿಲ್ಲ. ಸಿಂಗಲ್ ಎಂಟ್ರಿ ವೀಸಾ ಆಗಿದ್ದರೆ ಈ ಸುತ್ತಾಟಕ್ಕೇ ಅದು ಮುಗಿದುಹೋಗುತ್ತದೆ. ವಾಪಸ್ ಬರುವಾಗ ಅದರಲ್ಲಿ ಮತ್ತೆ ಹೊರಬರಲಾಗದು.

ಎಂಟು ಗಂಟೆ ಅಂದರೆ ಕೈಗೆ ಸಿಗುವುದು ಮೂರೇ. ಇಮಿಗ್ರೇಷನ್ ದಾಟಲು ಒಂದೂವರೆ ಗಂಟೆ ಇಟ್ಟುಕೊಳ್ಳಿ (ಈಗ ಬೆರಳಚ್ಚು, ಫೋಟೊ ಕೂಡ ತೆಗೆಯುತ್ತಾರೆ), ರೈಲಿಗೆ ಹೋಗಿಬರಲು ಒಂದು ಗಂಟೆ, ವಿಮಾನಕ್ಕೆ ಎರಡೂವರೆ ಗಂಟೆ ಮೊದಲು ವಾಪಸ್.

ಟರ್ಮಿನಲ್ 1ರ ಕೆಳಗಿನ ರೀಜನಲ್ ಸ್ಟೇಷನ್‌ನಿಂದ ಎಸ್8 ಅಥವಾ ಎಸ್9 ನಂಬರಿನ ಲೋಕಲ್ ರೈಲು ಹತ್ತಿ. ದೂರದ ರೈಲುಗಳ ಸ್ಟೇಷನ್ ಬೇರೆ, ಅಲ್ಲಿಗೆ ಹೋಗಬೇಡಿ. ಮಷೀನ್‌ನಲ್ಲಿ ಏರ್‌ಪೋರ್ಟ್ ಸೇರಿದ ಡೇ ಟಿಕೆಟ್ ತೆಗೆದುಕೊಳ್ಳಿ. ಊರೊಳಗಿನ ಮಾಮೂಲಿ ಟಿಕೆಟ್ ಇಲ್ಲಿಗೆ ನಡೆಯುವುದಿಲ್ಲ. ನಮ್ಮ ಮೆಟ್ರೋದ ಹಾಗೆ ಗೇಟಿಲ್ಲವೆಂದು ಹಾಗೇ ಹತ್ತಿ ಸಿಕ್ಕಿಬಿದ್ದರೆ ದಂಡ 60 ಯೂರೋ.

ಎಲ್ಲರೂ ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದು ನಡೆಯಲು ಶುರುಮಾಡುತ್ತಾರೆ. ನಾನು ಹೇಳುವುದು ಉಲ್ಟಾ: ಇನ್ನೆರಡು ಸ್ಟಾಪ್ ಮುಂದೆ ಹೌಪ್ಟ್‌ವಾಖೆಯಲ್ಲಿ ಇಳಿಯಿರಿ, ನಡೆಯುತ್ತಾ ಸೆಂಟ್ರಲ್ ಸ್ಟೇಷನ್‌ಗೆ ಬನ್ನಿ. ಆಗ ಸ್ಟೇಷನ್ ಎದುರಿನ, ಮಾದಕ ವ್ಯಸನಿಗಳು ಗುಂಪುಗೂಡುವ ಬೀದಿಗಳು ಬಹುಮಟ್ಟಿಗೆ ತಪ್ಪುತ್ತವೆ. ಒಟ್ಟು ನಾಲ್ಕು ಕಿ.ಮೀ. ಒಳಗೇ.

ಹೌಪ್ಟ್‌ವಾಖೆಯಿಂದ ಐದಾರು ನಿಮಿಷಕ್ಕೆ ಕ್ಲೈನ್‌ಮಾರ್ಕ್ಟ್‌ಹಾಲೆ, ಸೂರಡಿಯ ಸಂತೆ. ಭಾನುವಾರ ಮುಚ್ಚಿರುತ್ತದೆ, ಅವತ್ತು ಊರಿನ ಅಂಗಡಿಗಳೂ ಬಹುತೇಕ ಬಂದ್. ಇಲ್ಲಿಯ ವಿಶೇಷ ಏಳು ಸೊಪ್ಪಿನ ಹಸಿರು ಸಾಸ್. ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಜೊತೆ ಕೊಡುತ್ತಾರೆ, ಮೊಟ್ಟೆ ತಿನ್ನದವರು ಮೊದಲೇ ಹೇಳಿ. ಆಮೇಲೆ ದಕ್ಷಿಣಕ್ಕೆ ನಡೆದರೆ ಡೋಮ್ ಚರ್ಚು, ಪಕ್ಕದಲ್ಲೇ ರೋಮರ್‌ಬೆರ್ಗ್ ಚೌಕ. ನಡುವಿನ "ಹಳೇ ಊರು" ನಿಜಕ್ಕೂ ಹೊಸದು: 1944ರ ಬಾಂಬ್ ದಾಳಿಯಲ್ಲಿ ನಾಶವಾದ ಜಾಗದಲ್ಲಿ 35 ಮನೆ ಕಟ್ಟಿ 2018ರಲ್ಲಿ ಮುಗಿಸಿದ್ದು, 15 ಮಾತ್ರ ಹಳೆಯವುಗಳ ಪಡಿಯಚ್ಚು. ಯಾವುದು ಯಾವುದೆಂದು ಗುರುತಿಸುವುದೇ ಒಂದು ಆಟ.

ಚೌಕದಿಂದ ಇಳಿದರೆ ಮೈನ್ ನದಿ, ಐಸರ್ನರ್ ಸ್ಟೆಗ್ ಎಂಬ ಕಬ್ಬಿಣದ ಕಾಲುಸೇತುವೆ. ದಾಟಿ ಬಲಕ್ಕೆ ತಿರುಗಿ, ನದಿ ದಂಡೆಯಲ್ಲೇ ನಡೆಯಿರಿ. ಗಗನಚುಂಬಿಗಳ ಸಾಲು ಪೂರ್ತಿ ಕಾಣುವುದು ಈ ದಡದಿಂದ. ಒಂದು ಕಿ.ಮೀ. ಚಿಲ್ಲರೆ ದೂರದಲ್ಲಿ ಷ್ಟೇಡೆಲ್ ಮ್ಯೂಸಿಯಂ ಎದುರು ಹೋಲ್‌ಬೈನ್‌ಸ್ಟೆಗ್ ಸೇತುವೆ. ಅದನ್ನು ದಾಟಿದರೆ ಸೆಂಟ್ರಲ್ ಸ್ಟೇಷನ್‌ಗೆ ಹದಿನೈದು ನಿಮಿಷ. ಡಿಸೆಂಬರ್ ಆದರೆ ಸಂಜೆ ನಾಲ್ಕೂವರೆಗೇ ಕತ್ತಲು.

ಎಡವುವುದು ಸಾಮಾನ್ಯವಾಗಿ ವಾಪಸ್ ರೈಲಿನಲ್ಲಿ. ಎಸ್8, ಎಸ್9 ಎರಡರ ಬೋರ್ಡಿನಲ್ಲೂ ವೀಸ್‌ಬಾಡೆನ್ ಎಂದಿರುತ್ತದೆ. ಎಸ್1ರಲ್ಲೂ ಅದೇ ಹೆಸರು, ಆದರೆ ಅದು ಹ್ಯೋಕ್ಸ್ಟ್ ಎಂಬ ಬಡಾವಣೆ ಮೇಲೆ ಹೋಗುತ್ತದೆ, ಏರ್‌ಪೋರ್ಟ್ ಮುಟ್ಟುವುದೇ ಇಲ್ಲ. ಊರಿನ ಹೆಸರಲ್ಲ, ನಂಬರ್ ನೋಡಿ ಹತ್ತಿ.

ಟ್ರಾಲಿ ಬ್ಯಾಗನ್ನು ಟರ್ಮಿನಲ್‌ನ ಲಗೇಜ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಇಟ್ಟುಬಿಡಿ. ರೋಮರ್‌ಬೆರ್ಗ್‌ನ ಕಲ್ಲುಹಾಸಿನ ಮೇಲೆ ಚಕ್ರ ಉರುಳುವುದಿಲ್ಲ. ಮತ್ತೆ ಸೆಕ್ಯೂರಿಟಿ ದಾಟಬೇಕು, ಹಾಗಾಗಿ ಇಲ್ಲಿ ಹೆಸರಾದ ಸೇಬಿನ ವೈನ್ ಬಾಟಲಿ ಕೊಳ್ಳಬೇಡಿ, ಅಲ್ಲೇ ಕುಡಿದು ಬನ್ನಿ.