ಟ್ಯಾಲಿ ಮಾತ್ರ ಖಾನೆಯೊಳಗೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಸಾಫ್ಟ್‌ವೇರಿನಲ್ಲಿ ಕಿಟಕಿಗಳನ್ನು ಖಾನೆಗಳಲ್ಲಿ ಕೂರಿಸುವ ಫ್ಯಾನ್ಸಿಜೋನ್ಸ್ ಇದೆಯಲ್ಲ, ಅದರಲ್ಲಿ ಪರದೆಯನ್ನು ಮೂರು ಖಾನೆ ಮಾಡಿದ್ದೇನೆ. ಶಿಫ್ಟ್ ಒತ್ತಿ ಎಳೆದರೆ ಎಕ್ಸೆಲ್, ಕ್ರೋಮ್ ಕೂರುತ್ತವೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಜಪ್ಪಯ್ಯ ಅಂದರೂ ಕೂರಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅನ್ನುತ್ತಾರೆ.

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಫಾರ್ಮ್ಯಾಟ್ ಎಂದಿರುತ್ತಾರೆ. ನಿಮ್ಮ ಟ್ಯಾಲಿ ಅಡ್ಮಿನ್ ಹಕ್ಕಿನಲ್ಲಿ, ಅಂದರೆ ಮಾಮೂಲಿಗಿಂತ ಹೆಚ್ಚಿನ ಅಧಿಕಾರದಲ್ಲಿ, ಓಡುತ್ತಿರಬೇಕು. ಕಡಿಮೆ ಹಕ್ಕಿನ ಪ್ರೋಗ್ರಾಂ ಹೆಚ್ಚು ಹಕ್ಕಿನ ಕಿಟಕಿಯನ್ನು ಅಲುಗಾಡಿಸಲು ವಿಂಡೋಸ್ ಬಿಡುವುದಿಲ್ಲ. ಪವರ್‌ಟಾಯ್ಸ್ ಮೂಲೆಯಲ್ಲಿ ಈ ಬಗ್ಗೆ ಸೂಚನೆಯನ್ನೂ ತೋರಿಸುತ್ತದೆ, ಓದದೆ ಮುಚ್ಚಿರುತ್ತೀರಿ.

ಊಹೆ ಬೇಡ, ನೋಡಿಬಿಡಿ. ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡೀಟೇಲ್ಸ್‌ಗೆ ಹೋಗಿ, ಮೇಲಿನ ತಲೆಪಟ್ಟಿ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ 'ಎಲಿವೇಟೆಡ್' ಆರಿಸಿ. ಟ್ಯಾಲಿ ಸಾಲಿನಲ್ಲಿ 'ಯೆಸ್', ಪವರ್‌ಟಾಯ್ಸ್ ಸಾಲಿನಲ್ಲಿ 'ನೋ' ಇದ್ದರೆ ರೋಗ ಸಿಕ್ಕಿತು.

ಮೊದಲು ಟ್ಯಾಲಿಯ ಹಕ್ಕು ಇಳಿಸಿ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ. ಅಲ್ಲಿ 'ರನ್ ದಿಸ್ ಪ್ರೋಗ್ರಾಂ ಆಸ್ ಆ್ಯನ್ ಅಡ್ಮಿನಿಸ್ಟ್ರೇಟರ್' ಗುರುತು ತೆಗೆಯಿರಿ. ಟ್ಯಾಲಿ ಮುಚ್ಚಿ ತೆರೆದು ಒಂದು ವೋಚರ್ ಸೇವ್ ಮಾಡಿ, ಬ್ಯಾಕಪ್ ತೆಗೆದು ನೋಡಿ. ಡೇಟಾ ಫೋಲ್ಡರ್ ಪ್ರೋಗ್ರಾಂ ಫೈಲ್ಸ್ ಒಳಗಿದ್ದರೆ ಬರೆಯಲು ಅನುಮತಿ ಸಿಗದೆ ತೊಂದರೆ ಆಗಬಹುದು. ಹಾಗಾದರೆ ಗುರುತು ವಾಪಸ್ ಹಾಕಿ.

ಆಗ ಉಳಿಯುವ ದಾರಿ: ಪವರ್‌ಟಾಯ್ಸ್ ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ಅಡ್ಮಿನ್ ಆಗಿ ಮರುಆರಂಭಿಸಿ, 'ಆಲ್ವೇಸ್ ರನ್ ಆಸ್ ಅಡ್ಮಿನಿಸ್ಟ್ರೇಟರ್' ಆನ್ ಮಾಡುವುದು. ನಾಲ್ಕು ಜನ ಪೆನ್‌ಡ್ರೈವ್ ಚುಚ್ಚುವ ಮಂಡಿ ಕಂಪ್ಯೂಟರಿನಲ್ಲಿ ಇದನ್ನು ನಾನು ಮೊದಲೇ ಹೇಳುವುದಿಲ್ಲ. ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಮಾಡಿ.

ಇನ್ನೊಂದು: 1920 ಅಗಲದ ಪರದೆಯನ್ನು ಮೂರು ಸಮಪಾಲು ಮಾಡಿದರೆ ತಲಾ 640 ಪಿಕ್ಸೆಲ್. ಅಷ್ಟು ಕಿರಿದಾಗಲು ಒಪ್ಪದ ಕಿಟಕಿ ಪಕ್ಕದ ಖಾನೆ ಮೇಲೆ ಹರಿಯುತ್ತದೆ. ವಿಂಡೋಸ್-ಶಿಫ್ಟ್ ಜೊತೆ ಟ್ಯಾಬ್ ಕೀಲಿಯ ಮೇಲಿನ ಕೀಲಿ ಒತ್ತಿ, ಖಾನೆಗಳನ್ನು ತಿದ್ದುವ ಎಡಿಟರ್ ತೆರೆಯಿರಿ. ಟ್ಯಾಲಿಗೆ ಸುಮಾರು 1200 ಬಿಟ್ಟು, ಉಳಿದ ಪಟ್ಟಿಯನ್ನು ಮೇಲೆ-ಕೆಳಗೆ ಎರಡು ಮಾಡಿ. ಗ್ರಿಡ್ ಮಾದರಿಯ ವಿನ್ಯಾಸ ತಿದ್ದುವಾಗ ಶಿಫ್ಟ್ ಹಿಡಿದರೆ ಸೀಳುವ ಗೆರೆಯ ದಿಕ್ಕು ತಿರುಗುತ್ತದೆ. ಖಾನೆಗಳ ನಡುವಿನ ಜಾಗ ಮೊದಲಿಗೆ 16 ಪಿಕ್ಸೆಲ್ ಇರುತ್ತದೆ, 2ಕ್ಕೆ ಇಳಿಸಿ.

ಪ್ರಶ್ನೆ: ಪರದೆ ಭಾಗ ಮಾಡಲು ಗ್ರಾಫಿಕ್ಸ್ ಕಾರ್ಡ್ ಬೇಕಂತೆ? (ಚಿತ್ರದುರ್ಗ)

ಬೇಡ. ಹೇಳಿದವರ ಹತ್ತಿರ ಇನ್ನೇನೂ ಕೊಳ್ಳಬೇಡಿ.

ಪ್ರಶ್ನೆ: 500 ರೂಪಾಯಿಗೆ ಪವರ್‌ಟಾಯ್ಸ್‌ನ 'ಫುಲ್ ವರ್ಷನ್' ಹಾಕಿಕೊಡುತ್ತಾರೆ, ಹಾಕಿಸಲೇ?

ಮೈಕ್ರೋಸಾಫ್ಟ್ ಇದನ್ನು ಪುಕ್ಕಟೆ ಕೊಡುತ್ತದೆ, ಫುಲ್ ವರ್ಷನ್ ಎಂಬುದೇ ಇಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುತ್ತದೆ. ಪೆನ್‌ಡ್ರೈವಿನಲ್ಲಿ ತಂದದ್ದನ್ನು ಜಿಎಸ್‌ಟಿ ಪಾಸ್‌ವರ್ಡ್ ಇರುವ ಕಂಪ್ಯೂಟರಿಗೆ ಹಾಕಿಸಲೇಬೇಡಿ.

ಪ್ರಶ್ನೆ: ಮಾನಿಟರ್ ಬದಲಿಸಿದೆ, ಮಾಡಿಟ್ಟ ಖಾನೆಗಳು ಹೋದವು.

ಹೋಗಿಲ್ಲ. ಖಾನೆಗಳ ಆಯ್ಕೆ ಒಂದೊಂದು ಮಾನಿಟರಿಗೂ ಬೇರೆ. ಎಡಿಟರ್ ತೆರೆದು, ಮೇಲೆ ಹೊಸ ಮಾನಿಟರ್ ಆರಿಸಿ, ಕೆಳಗೆ ನಿಮ್ಮ ಹಳೆಯ ವಿನ್ಯಾಸದ ಮೇಲೆ ಒಮ್ಮೆ ಕ್ಲಿಕ್ ಮಾಡಿ.