ಕೃಪೆ ಉಚಿತ ಅಂದಮೇಲೆ ಸಭೆಯ ಗೊಡವೆ ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು. ಅಲ್ಲಿನ ಒಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಿದ್ದೀರಿ. ಪಾಪದಿಂದ ಬಿಡುಗಡೆ, ಅಂದರೆ ರಕ್ಷಣೆ, ದೇವರ ಕೃಪೆಯಿಂದ ಸಿಗುತ್ತದೆ, ಅದಕ್ಕೆ ಬೆಲೆ ಕೊಡಬೇಕಿಲ್ಲ ಎಂದು ಒಳಗೆ ಕೇಳುತ್ತೀರಿ. ಹೊರಗೆ ಬಂದರೆ ಕಮಿಟಿ ಚುನಾವಣೆಯ ಗುಸುಗುಸು. ಯೂಟ್ಯೂಬ್‌ನಲ್ಲಿ ಇದಕ್ಕಿಂತ ಒಳ್ಳೆಯ ಪ್ರಸಂಗ (ಪಾಸ್ಟರ್ ಮಾಡುವ ಉಪದೇಶ) ಸಿಗುತ್ತದೆ. ದೇವರು ತಮಗೆ ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿ ಹೇಳುವವರ ಮುಂದೆ ನಿಮ್ಮ ನಂಬಿಕೆ ಏನೂ ಅಲ್ಲ ಅನಿಸುತ್ತದೆ. ಹಾಗಾದರೆ ಮನೆಯಲ್ಲೇ ಸತ್ಯವೇದ (ಬೈಬಲ್) ಓದಿಕೊಂಡು ಇರಬಾರದಾ, ಸಭೆ ಯಾಕೆ ಬೇಕು? ಇದೇ ತಾನೆ?

ನಾನು ಪಾಸ್ಟರ್ ಅಲ್ಲ, ಥಿಯಾಲಜಿಯನ್ನೂ ಓದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆ ಕಟ್ಟಿದ, ಕರಾವಳಿಯ ಒಂದು ಹಳೆಯ ಸಭೆಯಲ್ಲಿ ಹುಟ್ಟಿ ಬೆಳೆದವನು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಸಂಡೇ ಸ್ಕೂಲ್, ಕ್ವಾಯರ್, ಕಮಿಟಿ ಎಲ್ಲ ನೋಡಿದ್ದೇನೆ. ಕಮಿಟಿಯನ್ನು ಸ್ವಲ್ಪ ಜಾಸ್ತಿಯೇ ನೋಡಿದ್ದೇನೆ.

ಪ್ರಸಂಗದ ಮಾತನ್ನು ಒಪ್ಪುತ್ತೇನೆ. ಯೂಟ್ಯೂಬ್‌ನಲ್ಲಿ ಒಳ್ಳೆಯವು ಇವೆ, ನಾನೂ ಕೇಳುತ್ತೇನೆ. 2020ರ ಏಪ್ರಿಲ್ 12ರ ಈಸ್ಟರ್ ಆರಾಧನೆಯನ್ನು ಲಾಕ್‌ಡೌನಿನಲ್ಲಿ ನಾವು ಮಾಡಿದ್ದೇ ಮೊಬೈಲ್ ಮುಂದೆ ಕೂತು. ಹಾಡು ಕೇಳಿಸಿತು, ಪ್ರಾರ್ಥನೆ ನಡೆಯಿತು, ಪ್ರಸಂಗ ಮುಗಿಯಿತು. ಕೃಪೆ ಅಂದರೆ ಏನು ಎಂದು ಕೇಳಿ ತಿಳಿಯಲು ಅಷ್ಟು ಸಾಕು. ಆದರೆ ಅದನ್ನು ಪಡೆಯುವಾಗ ಎಷ್ಟು ಮುಜುಗರವಾಗುತ್ತದೆ ಅಂತ ಗೊತ್ತಾಗಬೇಕಾದರೆ ಎದುರಿಗೆ ಮನುಷ್ಯರೇ ಬೇಕು. ಅದೂ ನಾವು ಆರಿಸಿಕೊಳ್ಳದ ಮನುಷ್ಯರು.

ನನಗೆ ಇದು ಗೊತ್ತಾಗಿದ್ದು ಅಮ್ಮನಿಗೆ ಸ್ಟ್ರೋಕ್ ಆದಾಗ. ಹೆಂಗಸರ ಜನರಲ್ ವಾರ್ಡು. ರಾತ್ರಿ ರೋಗಿಯ ಜೊತೆ ಗಂಡಸರು ಇರುವ ಹಾಗಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಅಕ್ಕ ಗಲ್ಫ್‌ನಲ್ಲಿ, ನನಗೆ ಇನ್ನೂ ಮದುವೆ ಆಗಿರಲಿಲ್ಲ. ದುಡ್ಡು ಕೊಟ್ಟರೆ ಹೋಮ್ ನರ್ಸ್ ಸಿಗುತ್ತಾರೆ, ಆದರೆ ಅವತ್ತಿನ ರಾತ್ರಿಗೇ ಎಲ್ಲಿಂದ ತರುವುದು? ನಾನು ವಾರ್ಡಿನ ಹೊರಗೆ ನಿಂತಿದ್ದಾಗ ಸಭೆಯ ಸ್ತ್ರೀ ಸಂಘದವರು ತಾವೇ ಒಂದು ಪಟ್ಟಿ ಮಾಡಿ ತಂದರು. ಇವತ್ತು ಇವರು, ನಾಳೆ ಅವರು. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಆ ಪಟ್ಟಿಯಲ್ಲಿ ಒಬ್ಬರು ಆಂಟಿ ಇದ್ದರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಯ ಮೇಲೆ ಅಮ್ಮನಿಗೂ ಅವರಿಗೂ ಪೈಪೋಟಿ ಬಿದ್ದು ಮಾತೇ ನಿಂತುಹೋಗಿತ್ತು. ನಗಬೇಡಿ. ಚರ್ಚಿನ ಹರಾಜು ನೋಡಿದವರಿಗೆ ಗೊತ್ತು, ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕಾಯಿ ಅಲ್ಲಿ ಎರಡು ಸಾವಿರಕ್ಕೆ ಹೋಗುತ್ತದೆ, ಜೊತೆಗೆ ಮರ್ಯಾದೆ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆ ಆಂಟಿ ಫ್ಲಾಸ್ಕ್, ಚಾಪೆ ಹಿಡಿದುಕೊಂಡು ಬಂದರು. ನಾನು ಏನೋ ಹೇಳಲು ಹೋದೆ. "ನಿನ್ನ ಅಮ್ಮನ ಹತ್ತಿರ ನನಗೆ ಬೇರೆ ಲೆಕ್ಕ ಇದೆ ಮಗಾ. ಅವಳು ಮೊದಲು ಎದ್ದು ಕೂರಲಿ. ನೀನು ಮನೆಗೆ ಹೋಗಿ ಮಲಗು" ಅಂದರು. ಅಮ್ಮನ ಮೈ ಒರೆಸಿದರು, ಬೆಡ್‌ಪ್ಯಾನ್ ಇಟ್ಟರು, ಬೆಳಿಗ್ಗೆ ಡಾಕ್ಟರ್ ಬಂದಾಗ ನನಗಿಂತ ಚೆನ್ನಾಗಿ ಪ್ರಶ್ನೆ ಕೇಳಿದರು.

ಆ ದಿನಗಳಲ್ಲಿ ನನಗೆ ಪ್ರಾರ್ಥನೆ ಬರಲೇ ಇಲ್ಲ. ಕಣ್ಣು ಮುಚ್ಚಿದರೆ ಬಿಲ್ಲಿನ ಲೆಕ್ಕ ಬರುತ್ತಿತ್ತು. ಅದನ್ನು ನಮ್ಮ ಸಭಾಪಾಲಕರಿಗೆ, ಅಂದರೆ ಪಾಸ್ಟರಿಗೆ, ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ಓದು ಅಂದರು. ನಿಮಗೂ ಗೊತ್ತಿರುವ ಕಥೆ. ಕಪೆರ್ನೌಮ್ ಊರಿನಲ್ಲಿ ಯೇಸು ಇದ್ದ ಮನೆಗೆ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತರುತ್ತಾರೆ. ಬಾಗಿಲಲ್ಲಿ ಜನ ತುಂಬಿಕೊಂಡಿರುತ್ತಾರೆ, ಒಳಗೆ ಹೋಗಲು ದಾರಿ ಇಲ್ಲ. ಯಾರದೋ ಮನೆಯ ಮಾಳಿಗೆ ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಅಲ್ಲಿ ಯೇಸು ನೋಡಿದ್ದು ಆ ಹೊತ್ತು ತಂದವರ ನಂಬಿಕೆಯನ್ನು. ರೋಗಿ ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ. ಅವನಿಗೆ ನಂಬಿಕೆ ಇತ್ತೋ ಇಲ್ಲವೋ, ಮಾರ್ಕ ಹೇಳುವುದೂ ಇಲ್ಲ. ನಾನು ಸಂಡೇ ಸ್ಕೂಲಿನಿಂದ ಕೇಳಿದ ಕಥೆ ಇದು. ಹಾಸಿಗೆಯ ಮೇಲಿರುವವನ ಕಡೆಯಿಂದ ಅದನ್ನು ನೋಡಿದ್ದು ಅದೇ ಮೊದಲು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಬಹುಪಾಲು ಇಲ್ಲೇ ಇದೆ. ನಂಬಿಕೆ ವೈಯಕ್ತಿಕ ಅನ್ನುತ್ತಾರಲ್ಲ, ಅದು ಅರ್ಧ ಮಾತ್ರ ನಿಜ. ನಮ್ಮ ಕೈಲಿ ಆಗದೇ ಇದ್ದಾಗ ನಮ್ಮ ಪರವಾಗಿ ನಂಬುವವರು ಬೇಕಾಗುತ್ತಾರೆ. ಮತ್ತೊಮ್ಮೆ ನಾವು ಇನ್ನೊಬ್ಬರ ಪರವಾಗಿ ನಂಬಬೇಕಾಗುತ್ತದೆ. ಅಮ್ಮ ಎದ್ದು ಓಡಾಡಿದರು, ಎಡಗೈ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಇದನ್ನು ಅದ್ಭುತ ಎಂದು ನಾನು ಸಾಕ್ಷಿ ಹೇಳಿಲ್ಲ. ಫಿಸಿಯೋಥೆರಪಿ ಮಾಡಿದವರ ಶ್ರಮ ಅದರಲ್ಲಿ ತುಂಬಾ ಇದೆ. ನನ್ನೊಳಗೆ ಬದಲಾಗಿದ್ದು ಬೇರೆ. ದೇವರು ಕರುಣಾಳು ಅನ್ನುವ ಮಾತಿಗೆ ಮೊದಲು ನನ್ನ ಮನಸ್ಸಿನಲ್ಲಿ ಯಾವ ಮುಖವೂ ಇರಲಿಲ್ಲ. ಈಗ ಇದೆ, ಅದರಲ್ಲಿ ಒಂದು ಮುಖ ಕುಂಬಳಕಾಯಿ ಆಂಟಿಯದು!

ನಮ್ಮ ಕಡೆಯ ಸಭೆಗಳ ಚರಿತ್ರೆ ನೋಡಿದರೂ "ಸಭೆ ಯಾಕೆ" ಅನ್ನುವ ಪ್ರಶ್ನೆಗೆ ಬಹಳ ಒರಟಾದ ಉತ್ತರ ಸಿಗುತ್ತದೆ. ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದಿದ್ದು 1834ರಲ್ಲಿ. ಆಗ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರಲ್ಲಿ ಹೆಚ್ಚಿನವರು ಕಳ್ಳು ಇಳಿಸುವ ಕಸುಬಿನ ಬಿಲ್ಲವರು. ಮನೆಯವರು ಹೊರಗೆ ಹಾಕಿದರೆ ಮಲಗಲು ಜಾಗವಿಲ್ಲ. ಕುಲಕಸುಬು ಬಿಟ್ಟರೆ ಊಟವಿಲ್ಲ. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಹುಡುಗ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿ ಬಂದರು. ಇಂಥವರಿಗೆ ಸಭೆ ಅಂದರೆ ಆದಿತ್ಯವಾರದ ಒಂದೂವರೆ ಗಂಟೆ ಆಗಿರಲಿಲ್ಲ. ಅದೇ ಮನೆ, ಅದೇ ಸಂಬಂಧಿಕರು. ಅದೇ ಮಿಷನ್ನಿನಿಂದ 1851ರಲ್ಲಿ ಬಂದ ಹಾಲರ್ ನೇಯ್ಗೆ ಕಾರ್ಖಾನೆಯನ್ನು ಬೆಳೆಸಿದ್ದು, 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಇವೆಲ್ಲದರ ಹಿಂದೆ ಈ ಜನ ಹೊಟ್ಟೆಗೆ ಏನು ಮಾಡಬೇಕು ಅನ್ನುವ ಚಿಂತೆ ಇತ್ತು. ಮಂಗಳೂರು ಹೆಂಚಿನ ಕಥೆ ಹೇಳುವಾಗ ಇದನ್ನು ಯಾಕೋ ಬಿಟ್ಟುಬಿಡುತ್ತಾರೆ.

ಅದರಲ್ಲಿ ತೊಂದರೆಯೂ ಇತ್ತು. ಕೆಲಸ ಕೊಡುವವರು, ಬುದ್ಧಿ ಹೇಳುವವರು, ದೀಕ್ಷಾಸ್ನಾನ ಕೊಡುವವರು ಎಲ್ಲ ಒಂದೇ ಕಡೆಯವರು. ಎದುರು ಮಾತಾಡುವುದು ಹೇಗೆ? 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿಟ್ಟು ಕೊನೆಗೆ ಊರಿಗೆ ಕಳಿಸಿತು. ಆಗ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಲೇಬೇಕಾಯಿತು. ನನ್ನ ಅಭಿಪ್ರಾಯ ಕೇಳಿದರೆ, ನಮ್ಮವರ ನಂಬಿಕೆ ಬೇರು ಬಿಟ್ಟಿದ್ದು ಆಗಲೇ.

ಇನ್ನು ಕಮಿಟಿ ಜಗಳ. ಸತ್ಯವೇದದ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯ ಒಮ್ಮೆ ನಿಧಾನಕ್ಕೆ ಓದಿ. ಯೆರೂಸಲೇಮಿನ ಮೊದಲ ಸಭೆಯಲ್ಲೇ ಜಗಳ. ಕಾರಣ ಏನು ಗೊತ್ತಾ? ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅನ್ನುವ ದೂರು. ಭಾಷೆ, ಅನ್ನ, ಪಕ್ಷಪಾತ, ಎಲ್ಲ ಇದೆ. ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, "ಸಮಾಧಾನವಾಗಿರಿ" ಎಂದು ಪ್ರಸಂಗ ಮಾಡಿ ಮುಗಿಸಲಿಲ್ಲ. ಏಳು ಜನರನ್ನು ಆರಿಸಿ ಹಂಚುವ ಕೆಲಸ ಅವರ ಕೈಗೆ ಕೊಡಲು ಹೇಳಿದರು. ಆ ಏಳು ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲವೂ ಗ್ರೀಕ್ ಹೆಸರು. ದೂರು ಕೊಟ್ಟವರ ಕಡೆಯವರಿಗೇ ಉಗ್ರಾಣದ ಬೀಗದ ಕೈ ಕೊಟ್ಟ ಹಾಗಾಯಿತು. ಕರುಣೆ ಅಂದರೆ ಕಣ್ಣೀರು ಹಾಕುವುದು ಅಂತ ನಾವು ತಿಳಿದಿರುತ್ತೇವೆ. ಒಮ್ಮೊಮ್ಮೆ ಅದು ಸರಿಯಾದ ಲೆಕ್ಕದ ಪುಸ್ತಕ, ಸರಿಯಾದ ಪಟ್ಟಿ.

ಗ್ರೀಸಿನ ಕೊರಿಂಥ ಊರಿನ ಸಭೆಯಲ್ಲಿ ಇನ್ನೂ ಕೆಟ್ಟದಾಗಿತ್ತು. ಯೇಸುವಿನ ನೆನಪಿನ ಊಟವಾದ ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡು ಕೂರುತ್ತಿದ್ದರು. ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಅವರನ್ನು ಚೆನ್ನಾಗಿ ಬೈದಿದ್ದಾನೆ. ಇವತ್ತೂ ನಮ್ಮಲ್ಲಿ ಮದುವೆ ಮಾತು ಬಂದಾಗ ಜಾತಿ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ರೇಷನ್ ಕಿಟ್ ಕೊಡುವಾಗ ಪಡೆದವರ ಮುಖ ಕಾಣುವ ಹಾಗೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಇದನ್ನು ನೋಡಿ ನಿಮಗೆ ಬೇಸರವಾದರೆ ನಿಮ್ಮ ನಂಬಿಕೆ ಬೆಳೆಯುತ್ತಿಲ್ಲ ಅಂದುಕೊಳ್ಳಬೇಡಿ. ಬೇಸರವಾಗುವುದೇ ಸರಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಕೃಪೆಯ ಹೆಸರಿನಲ್ಲಿ ತಪ್ಪನ್ನು ಮುಚ್ಚಿಹಾಕಲು ಯಾರಾದರೂ ಹೇಳಿದರೆ ಕೇಳಬೇಡಿ. ಹಣ ತಿಂದವರು, ಮಕ್ಕಳ ಮೇಲೆ ಕೈ ಮಾಡಿದವರು, ಹೆಂಡತಿಗೆ ಹೊಡೆಯುವವರು, ಇಂಥವರನ್ನು "ಕ್ಷಮಿಸಿಬಿಡಿ, ನಾವೆಲ್ಲ ಪಾಪಿಗಳೇ" ಎಂದು ನೊಂದವರಿಗೇ ಬುದ್ಧಿ ಹೇಳಿ ಕೂರಿಸುವುದು ಕರುಣೆಯಲ್ಲ. ಸುಂಕ ವಸೂಲಿಯವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಹೋದಾಗ ಯಾವ ಷರತ್ತೂ ಹಾಕಲಿಲ್ಲ, ನಿಜ. ಆದರೆ ಕೃಪೆ ಸಿಕ್ಕ ಜಕ್ಕಾಯ ಸುಮ್ನೆ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಪೊಲೀಸರಿಗೆ ಹೋಗಬೇಕಾದ ವಿಷಯ ಪೊಲೀಸರಿಗೇ ಹೋಗಬೇಕು.

ಇನ್ನು ಸಾಕ್ಷಿ ಹೇಳುವವರ ವಿಷಯ. ಮೈಕಿನ ಮುಂದೆ ಬರುವುದು ಗೆದ್ದವರ ಕಥೆ ಮಾತ್ರ. ವೀಸಾ ಸಿಕ್ಕಿತು, ಗಡ್ಡೆ ಕರಗಿತು, ಮಗು ಹುಟ್ಟಿತು. ವೀಸಾ ಸಿಗದವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಸತ್ಯವೇದ ಹಾಗಿಲ್ಲ ನೋಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಆದರೂ ಅದನ್ನು ಕಿತ್ತು ಹಾಕದೆ ಉಳಿಸಿಕೊಂಡಿದ್ದಾರೆ. ಮಾರ್ಕ ಒಂಬತ್ತರಲ್ಲಿ ಒಬ್ಬ ತಂದೆ ನಂಬುತ್ತೇನೆ ಅಂದು, ಅದೇ ಉಸಿರಿನಲ್ಲಿ ತನ್ನ ಅಪನಂಬಿಕೆಗೂ ಸಹಾಯ ಬೇಡುತ್ತಾನೆ. ಅವನ ಮಗ ಗುಣವಾದ. ನಂಬಿಕೆ ಸರಿಮಾಡಿಕೊಂಡು ಆಮೇಲೆ ಬಾ ಎಂದು ಯಾರೂ ಅವನನ್ನು ಕಳಿಸಲಿಲ್ಲ.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ, ಮೊದಲು ಆದಿತ್ಯವಾರದ ದೊಡ್ಡ ಆರಾಧನೆಯಿಂದ ಜಾಸ್ತಿ ನಿರೀಕ್ಷೆ ಮಾಡುವುದನ್ನು ಬಿಡುತ್ತಿದ್ದೆ. ನಾನೂರು ಜನರ ನಡುವೆ ನಿಮ್ಮ ಕಷ್ಟ ಯಾರಿಗೂ ಕಾಣುವುದಿಲ್ಲ. ವಾರದ ಮಧ್ಯೆ ಮನೆಮನೆಗಳಲ್ಲಿ ಕಾಟೇಜ್ ಪ್ರೇಯರ್ ನಡೆಯುತ್ತದಲ್ಲ, ಅಲ್ಲಿಗೆ ಹೋಗಿ. ಹತ್ತು ಹನ್ನೆರಡು ಜನ, ಒಂದು ಹಾಡು, ಆಮೇಲೆ ಟೀ. ಟೀ ಕುಡಿಯುವಾಗಲೇ ನಿಜವಾದ ಮಾತು ಹೊರಗೆ ಬರುವುದು. ಮತ್ತೆ, ಹೆಸರು ಬರದ ಒಂದು ಕೆಲಸ ಹಿಡಿಯಿರಿ. ಆಸ್ಪತ್ರೆಗೆ ಹೋಗುವ ಗುಂಪು, ಹಾಸಿಗೆ ಹಿಡಿದವರ ಮನೆಗೆ ಸಭಾಪಾಲಕರು ಪವಿತ್ರ ಭೋಜನ ತೆಗೆದುಕೊಂಡು ಹೋಗುವಾಗ ಜೊತೆಗೆ ಹೋಗುವುದು, ಇಂಥದ್ದು. ಕಮಿಟಿಗೆ ಮಾತ್ರ ಈಗಲೇ ನಿಲ್ಲಬೇಡಿ!

ಸಹಾಯ ಕೇಳುವುದನ್ನೂ ಕಲಿಯಿರಿ. ಮನೆ ಬದಲಾಯಿಸುತ್ತಿದ್ದರೆ ಸಾಮಾನು ಎತ್ತಲು ಯೂತ್ ಗುಂಪಿನವರನ್ನು ಕರೆಯಿರಿ. ಜ್ವರ ಬಂದರೆ ಗಂಜಿ ಬೇಕು ಅಂತ ಹೇಳಿ. ಬೆಂಗಳೂರಿನಲ್ಲಿ ಒಬ್ಬರೇ ಇರುವವರಿಗೆ ಇದು ದಶಮಭಾಗ (ಆದಾಯದ ಹತ್ತನೇ ಒಂದು ಪಾಲು) ಸಭೆಗೆ ಕೊಡುವುದಕ್ಕಿಂತ ಕಷ್ಟ. ಆ್ಯಪ್‌ನಲ್ಲಿ ತರಿಸಿಕೊಳ್ಳುವುದು ಸುಲಭ ಅಲ್ವಾ? ತರಿಸಿಕೊಂಡಿದ್ದಕ್ಕೆ ದುಡ್ಡು ಕೊಟ್ಟರೆ ಲೆಕ್ಕ ಚುಕ್ತಾ. ಗಂಜಿ ತಂದುಕೊಟ್ಟವರ ಲೆಕ್ಕ ಹಾಗೆ ಮುಗಿಯುವುದಿಲ್ಲ.

ಸಭಾಪಾಲಕರ ಮೇಲೆ ಮಾತ್ರ ಎಲ್ಲ ಭಾರ ಹಾಕಬೇಡಿ. ಸಿ.ಎಸ್.ಐ.ಯಲ್ಲಿ ಅವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತದೆ. ಒಬ್ಬರ ಪ್ರಸಂಗ ನೆಚ್ಚಿಕೊಂಡು ಬಂದವರು ಅವರ ಜೊತೆಗೇ ಹೊರಟುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಇಷ್ಟೆಲ್ಲ ಮಾಡಿಯೂ ಆ ಸಭೆ ಒಗ್ಗದಿದ್ದರೆ ಬೇರೆ ಸಭೆ ನೋಡಿ, ಅದರಲ್ಲಿ ಪಾಪವೇನೂ ಇಲ್ಲ. ಬೆಂಗಳೂರಿನಲ್ಲಿ ಕನ್ನಡ ಸಭೆಗಳು ಹಲವು ಇವೆ. ಹೇಳದೆ ಕೇಳದೆ ನಿಲ್ಲಿಸುವ ಬದಲು ಸಭಾಪಾಲಕರನ್ನು ಕಂಡು ಕಾರಣ ಹೇಳಿ, ಸದಸ್ಯತ್ವ ವರ್ಗಾವಣೆಯ ಪತ್ರ ಕೇಳಿ ತೆಗೆದುಕೊಳ್ಳಿ. ಮುಂದೆ ಮದುವೆಗೆ, ಮಗುವಿನ ದೀಕ್ಷಾಸ್ನಾನಕ್ಕೆ ಹೇಗೂ ಆ ಪತ್ರ ಕೇಳುತ್ತಾರೆ.